ಬಜರ್ ಬಾಯಿಗೆ ಟೇಪ್ ಹಾಕೋ ಮುಂಚೆ: ಪ್ಯಾನೆಲ್ ಮೇಲಿನ ಆ ಪುಟ್ಟ ಡಬ್ಬಿ ಏನು ಹೇಳ್ತಿದೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೂ, ಮೆಟ್ರೋದಲ್ಲಿ ಸೀಟ್ ಸಿಕ್ಕಿರೋ ಪುಣ್ಯವಂತರಿಗೂ, ನೈಟ್ ಶಿಫ್ಟಲ್ಲಿ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಂಡಿರೋರಿಗೂ ಸ್ವಾಗತ. ಆ ಇನ್ನೊಂದು ಕಿವಿ ಖಾಲಿ ಇಟ್ಕೊಂಡಿದ್ದೀರಲ್ಲ, ಅದು ಒಳ್ಳೇದೇ. ಇವತ್ತಿನ ವಿಷಯ ಆ ಕಿವಿಗೆ ಸಂಬಂಧಪಟ್ಟಿದ್ದು.

ಸಾಮಾನ್ಯವಾಗಿ ಇಲ್ಲಿ ನಾವು ಸಂಬಳ, ಪಿಎಫ್, ಸಾಲ, ಟ್ಯಾಕ್ಸ್ ಅಂತ ಮಾತಾಡ್ತೀವಿ. ನಾನು ಓದಿದ್ದು ಬಿಕಾಂ. ಆದ್ರೆ ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೈಕಂಪಾಡಿ ಕಡೆ ಕೆಲಸಕ್ಕೆ ಸೇರಿರೋ ಕೇಳುಗರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ದಿನಾ ಒಂದು ಸಣ್ಣ ಡಬ್ಬಿ ಇರುತ್ತೆ. ಕೆಂಪು ಅಥವಾ ಹಸಿರು ಅಂಕಿ, ಕೆಳಗೆ ನಾಲ್ಕು ಬಟನ್, ಪಕ್ಕದಲ್ಲಿ ಎಎಲ್-1, ಎಎಲ್-2 ಅಂತ ಎರಡು ಪುಟ್ಟ ದೀಪ. ಇದರ ಹೆಸರು ಪ್ರೋಸೆಸ್ ಇಂಡಿಕೇಟರ್. ಬಾಯ್ಲರ್ ಪ್ರೆಷರ್, ಟ್ಯಾಂಕ್ ಲೆವೆಲ್, ಹಾಲಿನ ಟೆಂಪರೇಚರ್, ಯಾವುದನ್ನಾದ್ರೂ ತೋರಿಸುತ್ತೆ. ಮಿತಿ ದಾಟಿದ್ರೆ ಕೂಗುತ್ತೆ.

ಬಿಕಾಂ ಓದಿದವನಿಗೆ ಇದ್ಯಾಕೆ ಅಂತೀರಾ? ಈ ಡಬ್ಬಿ ಸರಿಯಾಗಿ ಸೆಟ್ ಆಗದೇ ಇದ್ರೆ ಅದರ ಬಿಲ್ ಕೊನೆಗೆ ಯಾರ ತಲೆ ಮೇಲೆ ಬರುತ್ತೆ ಅನ್ನೋದನ್ನ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದ್ದೀನಿ. ಅದನ್ನೂ ಹೇಳ್ತೀನಿ. ಮೊದಲು ಡಬ್ಬಿ ಅರ್ಥ ಮಾಡ್ಕೊಳ್ಳೋಣ.

ಒಳಗೆ ಏನು ಬರ್ತಿದೆ?

ಈ ಡಬ್ಬಿಗಳಲ್ಲಿ ತುಂಬಾ ಕಾಣೋ ಸೈಜ್ 96 ಮಿಲಿಮೀಟರ್ ಅಗಲ, 48 ಮಿಲಿಮೀಟರ್ ಎತ್ತರ. ಪ್ಯಾನೆಲ್ ತಗಡಿನಲ್ಲಿ 92ಕ್ಕೆ 45ರ ಕಿಂಡಿ ಕೊರೆದು ಕೂರಿಸ್ತಾರೆ. ಹಿಂದುಗಡೆ ಸ್ಕ್ರೂ ಟರ್ಮಿನಲ್. ಒಂದು ಜೋಡಿಗೆ ಕರೆಂಟ್, ಕೆಲವಕ್ಕೆ 230 ವೋಲ್ಟ್, ಕೆಲವಕ್ಕೆ 24 ವೋಲ್ಟ್. ಇನ್ನೊಂದು ಕಡೆ ಸೆನ್ಸರ್ ತಂತಿ. ಮತ್ತೊಂದು ಕಡೆ ರಿಲೇ, ಅಂದ್ರೆ ಅಲಾರಂ ಬಂದಾಗ ಬಜರನ್ನೋ ಪಂಪನ್ನೋ ಆನ್-ಆಫ್ ಮಾಡೋ ಸ್ವಿಚ್. ಹಿಂದೆ ಕೈ ಹಾಕೋ ಮುಂಚೆ ಮೈನ್ ಆಫ್ ಮಾಡಿ. ಡಿಸ್‌ಪ್ಲೇ ಆಫ್ ಆಗಿದೆ ಅಂತ ನಂಬಬೇಡಿ. ರಿಲೇ ಟರ್ಮಿನಲ್‌ಗೆ ಬೇರೆ ಲೈನಿಂದ ಕರೆಂಟ್ ಬಂದಿರಬಹುದು.

ಮೆನುಗೆ ಹೋದ ತಕ್ಷಣ ಮೊದಲು ಕೇಳೋದು ಇನ್‌ಪುಟ್ ಯಾವ ಥರದ್ದು ಅಂತ. ಪಿಟಿ-100 ಅಂದ್ರೆ ಪ್ಲಾಟಿನಂ ತಂತಿಯ ಸೆನ್ಸರ್. 0 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 100 ಓಂ, 100 ಡಿಗ್ರಿಯಲ್ಲಿ ಸುಮಾರು 138.5 ಓಂ. ಸಾಮಾನ್ಯವಾಗಿ ಇದಕ್ಕೆ ಮೂರು ತಂತಿ ಇರುತ್ತೆ. ಉದ್ದದ ತಂತಿಯ ರೆಸಿಸ್ಟೆನ್ಸನ್ನ ಲೆಕ್ಕದಿಂದ ಕಳೆಯೋಕೆ ಆ ಮೂರನೇದು ಬೇಕು. "ಎರಡು ಸಾಕು ಬಿಡಣ್ಣ" ಅಂತ ಒಂದನ್ನ ಕತ್ತರಿಸಿದ್ರೆ ಟೆಂಪರೇಚರ್ ತಪ್ಪು ತೋರಿಸುತ್ತೆ. ಕುಲುಮೆ, ಓವನ್ ಥರ ಜಾಸ್ತಿ ಬಿಸಿ ಇರೋ ಕಡೆ ಥರ್ಮೋಕಪಲ್. ಅದಕ್ಕೆ ಅದರದ್ದೇ ಕೇಬಲ್ ಬೇಕು, ಮಾಮೂಲಿ ತಾಮ್ರದ ವೈರ್ ಜೋಡಿಸಿದ್ರೆ ರೀಡಿಂಗ್ ಕೆಡುತ್ತೆ.

ಫ್ಯಾಕ್ಟರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳೋ ಮಾತು ಅಂದ್ರೆ 4-20 ಮಿಲಿ ಆಂಪ್. ಟ್ರಾನ್ಸ್‌ಮಿಟರ್ ತಾನು ಅಳೆದಿದ್ದನ್ನ ಕರೆಂಟ್ ರೂಪದಲ್ಲಿ ಕಳಿಸುತ್ತೆ. 4 ಅಂದ್ರೆ ಅಳತೆಯ ಕೆಳಗಿನ ತುದಿ, 20 ಅಂದ್ರೆ ಮೇಲಿನ ತುದಿ, 12 ಅಂದ್ರೆ ಸರಿಯಾಗಿ ಮಧ್ಯ. ಸೊನ್ನೆಯಿಂದ ಯಾಕೆ ಶುರುವಾಗಲ್ಲ? ಟ್ಯಾಂಕ್ ಖಾಲಿ ಇದ್ರೂ 4 ಬರ್ತಾ ಇರ್ಬೇಕು. 0 ಬಂತು ಅಂದ್ರೆ ತಂತಿ ಕತ್ತರಿಸಿದೆ ಅಂತ ಅರ್ಥ. ಖಾಲಿ ಇರೋದಕ್ಕೂ ಸಂಪರ್ಕ ಸತ್ತಿರೋದಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ ಮಾಡಿರೋ ಏರ್ಪಾಡು ಇದು.

ಸ್ಕೇಲಿಂಗ್: ಇಲ್ಲಿ ಎಡವಿದ್ರೆ ಮುಂದಿನದೆಲ್ಲ ಸುಳ್ಳು

ಡಬ್ಬಿಗೆ ಬರೋದು ಬರೀ ಕರೆಂಟ್. ಅದನ್ನ ಬಾರ್ ಅನ್ನಬೇಕಾ, ಲೀಟರ್ ಅನ್ನಬೇಕಾ, ಮೀಟರ್ ಅನ್ನಬೇಕಾ, ಅದಕ್ಕೆ ಗೊತ್ತಿಲ್ಲ. ನೀವೇ ಹೇಳ್ಬೇಕು: 4 ಬಂದ್ರೆ ಇಷ್ಟು ತೋರಿಸು, 20 ಬಂದ್ರೆ ಇಷ್ಟು ತೋರಿಸು, ದಶಾಂಶ ಚುಕ್ಕಿ ಇಲ್ಲಿ ಇಡು.

ಒಂದು ಲೆಕ್ಕ ನೋಡಿ. ಪೈಪ್ ಮೇಲೆ ಕೂತಿರೋ ಟ್ರಾನ್ಸ್‌ಮಿಟರ್ 0ರಿಂದ 16 ಬಾರ್‌ದು. ಹಳೇದು ಕೆಟ್ಟಿತ್ತು, ಸ್ಟೋರ್‌ನಲ್ಲಿ ಇದ್ದಿದ್ದನ್ನ ತಂದು ಹಾಕಿದ್ರು. ಡಬ್ಬಿ ಒಳಗೆ ಮಾತ್ರ ಹಳೇ ಸೆಟ್ಟಿಂಗ್, 0ರಿಂದ 10 ಬಾರ್. ಈಗ ಪೈಪಲ್ಲಿ 8 ಬಾರ್ ಇದ್ದಾಗ 12 ಮಿಲಿ ಆಂಪ್ ಬರುತ್ತೆ, ಡಬ್ಬಿ 5 ಅಂತ ತೋರಿಸುತ್ತೆ. ಆಪರೇಟರ್ "ಆರಾಮಾಗಿದೆ" ಅಂತ ಚಹಾಕ್ಕೆ ಹೋಗ್ತಾನೆ. ಅಲಾರಂ 9ಕ್ಕೆ ಇಟ್ಟಿದ್ರೆ ಅದು ಕೂಗೋದು ನಿಜವಾದ ಪ್ರೆಷರ್ 14.4 ಬಾರ್ ಆದಾಗ. ಸೆನ್ಸರ್ ಕೆಟ್ಟಿಲ್ಲ, ಡಬ್ಬಿ ಕೆಟ್ಟಿಲ್ಲ, ಅಲಾರಂ ಕೂಡ ಕೆಟ್ಟಿಲ್ಲ. ಎರಡು ಅಂಕಿ ಹೊಂದ್ತಿಲ್ಲ ಅಷ್ಟೇ.

ಇದು ಬರೀ ಪುಸ್ತಕದ ಉದಾಹರಣೆ ಅನ್ಕೋಬೇಡಿ. 2005ರ ಮಾರ್ಚ್ 23, ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಬಿಪಿ ಕಂಪನಿಯ ರಿಫೈನರಿ. ಸುಮಾರು 170 ಅಡಿ ಎತ್ತರದ ಒಂದು ಗೋಪುರಕ್ಕೆ ದ್ರವ ತುಂಬಿಸ್ತಾ ಇದ್ರು. ಅದರ ಲೆವೆಲ್ ಟ್ರಾನ್ಸ್‌ಮಿಟರ್ ಅಳೀತಾ ಇದ್ದಿದ್ದು ತಳದ ಕೆಲವೇ ಅಡಿಗಳನ್ನ. ಅದನ್ನ ಕ್ಯಾಲಿಬ್ರೇಟ್ ಮಾಡಿದ್ದು ಹಳೇ ಮಾಹಿತಿ ಇಟ್ಕೊಂಡು, ಬೇರೆ ಸಾಂದ್ರತೆಯ ದ್ರವಕ್ಕೆ. ದ್ರವ 158 ಅಡಿಗೆ ಏರಿದ್ದಾಗ ಕಂಟ್ರೋಲ್ ರೂಮಿನ ಪರದೆ 8 ಅಡಿ ಹತ್ತಿರ ಅಂತ ತೋರಿಸ್ತಿತ್ತು. ಅಷ್ಟೇ ಅಲ್ಲ, ನಿಧಾನವಾಗಿ ಇಳೀತಾ ಇದೆ ಅಂತಾನೂ ತೋರಿಸ್ತಿತ್ತು. ಮೊದಲನೇ ಹೈ ಲೆವೆಲ್ ಅಲಾರಂ ಬೆಳಗಿನ ಜಾವವೇ ಬಂದು ಹಾಗೇ ಉಳಿದಿತ್ತು. ಅದರ ಮೇಲಿನ ಎರಡನೇ ಅಲಾರಂ ಕೂಗಲೇ ಇಲ್ಲ. ಮಧ್ಯಾಹ್ನ ಸ್ಫೋಟ ಆಯ್ತು. 15 ಜನ ಸತ್ತರು, 180 ಜನ ಗಾಯಗೊಂಡರು. ಸತ್ತವರೆಲ್ಲ ಗುತ್ತಿಗೆ ಕೆಲಸಗಾರರು, ಹತ್ತಿರದ ತಾತ್ಕಾಲಿಕ ಟ್ರೈಲರ್ ಕಚೇರಿಗಳ ಒಳಗೆ, ಆಸುಪಾಸಲ್ಲಿ ಇದ್ದವರು. ಆ ಪರದೆಯನ್ನ ಅವರು ಕಣ್ಣಲ್ಲೂ ನೋಡಿರಲಿಲ್ಲ.

ನಮ್ಮ ಪಕ್ಕದ ವಿಶಾಖಪಟ್ಟಣದ್ದು ನಿಮಗೆ ನೆನಪಿರಬಹುದು. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿಂದ ಸ್ಟೈರೀನ್ ಆವಿ ಹೊರಗೆ ಬಂತು, ಕನಿಷ್ಠ 12 ಜನ ತೀರ್ಕೊಂಡರು. ತನಿಖೆಯಲ್ಲಿ ಹೊರಬಂದ ಒಂದು ಅಂಶ: ಟ್ಯಾಂಕಿನ ಟೆಂಪರೇಚರ್ ಅಳೀತಾ ಇದ್ದಿದ್ದು ತಳದಲ್ಲಿ ಮಾತ್ರ, ಮೇಲಿನ ಪದರ ಕಾಯ್ತಾ ಇದ್ದಿದ್ದು ಆ ಅಂಕಿಯಲ್ಲಿ ಕಾಣಲೇ ಇಲ್ಲ. ಊರಿನವರನ್ನ ಎಬ್ಬಿಸಬೇಕಾಗಿದ್ದ ಸೈರನ್ ಕೂಡ ಮೊಳಗಲಿಲ್ಲ. ಅಂದ್ರೆ ಡಬ್ಬಿಯಲ್ಲಿ ಕಾಣೋ ಅಂಕಿ ಸೆನ್ಸರ್ ಇರೋ ಜಾಗದ ಅಂಕಿ ಮಾತ್ರ, ಇಡೀ ಟ್ಯಾಂಕಿನ ಅಂಕಿ ಅಲ್ಲ.

ಅಲಾರಂ ಅಂದ್ರೆ ಒಂದು ಅಂಕಿ ಅಲ್ಲ, ನಾಲ್ಕು ನಿರ್ಧಾರ

ಈಗ ನಾನು ನೋಡಿದ ಕಥೆ. ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ಹೊರವಲಯದ ಒಂದು ಫ್ರೋಜನ್ ಫುಡ್ ಗೋಡೌನ್‌ನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ಬೇಡ. ದೊಡ್ಡ ಕೋಲ್ಡ್ ರೂಮ್, ಒಳಗೆ ಮೈನಸ್ 20 ಡಿಗ್ರಿ. ಹೊರಗೆ ಗೋಡೆ ಮೇಲೆ ಇದೇ ಥರದ ಡಬ್ಬಿ, ಪಕ್ಕದಲ್ಲಿ ಬಜರ್. ಅಲಾರಂ ಮೈನಸ್ 18ಕ್ಕೆ ಇಟ್ಟಿದ್ರು. ಕೇಳೋಕೆ ಸರಿಯಾಗೇ ಇದೆ ಅಲ್ವಾ?

ಆದ್ರೆ ಲೋಡ್ ಇಳಿಸೋಕೆ ಬಾಗಿಲು ತೆಗೆದ್ರೆ ಸಾಕು, ಬಿಸಿ ಗಾಳಿ ನುಗ್ಗಿ ಅಂಕಿ ಮೈನಸ್ 17 ಆಗೋದು, ಬಜರ್ ಕೂಗೋದು. ದಿನಕ್ಕೆ ನಾಲ್ಕೈದು ಸಲ ಕಾಯಿಲ್ ಮೇಲಿನ ಐಸ್ ಕರಗಿಸೋ ಡಿಫ್ರಾಸ್ಟ್ ನಡೆಯೋದು, ಆಗಲೂ ಕೂಗೋದು. ಅಂಕಿ 18ರ ಆಸುಪಾಸಲ್ಲಿ ಓಲಾಡ್ತಾ ಇದ್ರೆ ನಿಮಿಷಕ್ಕೆ ಹತ್ತು ಸಲ ಕೂಗಿ ನಿಲ್ಲೋದು. ಯಾರೋ ಒಬ್ಬರು ಬಜರ್ ಬಾಯಿಗೆ ದಪ್ಪ ಟೇಪ್ ಅಂಟಿಸಿದ್ರು. ಯಾವ ಕಾಲದಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಹೊಸಬರು ಬಂದಾಗ ಟೇಪ್ ಸಮೇತವೇ ಚಾರ್ಜ್ ತಗೋತಿದ್ರು.

ಒಂದು ರಾತ್ರಿ ಕಂಪ್ರೆಸರ್ ಟ್ರಿಪ್ ಆಯ್ತು. ಬಜರ್ ಕೂಗಿತ್ತೋ ಇಲ್ವೋ, ಕೂಗಿದ್ರೂ ಟೇಪ್ ಒಳಗೆ ಗೊಣಗಿರುತ್ತೆ. ಬೆಳಿಗ್ಗೆ ಬಾಗಿಲು ತೆಗೆದಾಗ ಐಸ್‌ಕ್ರೀಂ ಡಬ್ಬಗಳಿಂದ ನೀರು ಸೋರ್ತಿತ್ತು. ಸ್ಟಾಕ್ ಕೆಟ್ಟರೆ ಪರಿಹಾರ ಕೊಡೋ ಇನ್ಶೂರೆನ್ಸ್ ಇತ್ತು. ಸರ್ವೇಯರ್ ಬಂದು ಮೊದಲು ಕೇಳಿದ್ದು ಟೆಂಪರೇಚರ್ ಲಾಗ್ ಬುಕ್. ಎರಡನೇ ಪ್ರಶ್ನೆ, ಅಲಾರಂ ಕೆಲಸ ಮಾಡ್ತಿತ್ತಾ? ಎರಡಕ್ಕೂ ಉತ್ತರ ಇರಲಿಲ್ಲ. ಕ್ಲೇಮ್ ಮುಗ್ಗರಿಸಿತು. ನಷ್ಟದ ಒಂದು ಪಾಲನ್ನ ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದ್ರು. ರಾಯಚೂರು ಕಡೆಯವನು, ಕೆಲಸಕ್ಕೆ ಸೇರಿ ಆರು ವಾರ ಆಗಿತ್ತು. ಮೂರನೇ ತಿಂಗಳಿಗೆ ಊರಿಗೆ ವಾಪಸ್ ಹೋದ. "ಅಣ್ಣಾ, ನಾ ಬರೂಕಿಂತ ಮದ್ಲ ಅದಕ್ಕ ಟೇಪ್ ಇತ್ತ್ರಿ" ಅಂತ ಎಲ್ಲರ ಹತ್ರಾನೂ ಹೇಳಿದ. ಕೇಳಿಸಿಕೊಂಡವರು ಯಾರೂ ಇಲ್ಲ.

ಕಾನೂನು ಏನು ಹೇಳುತ್ತೆ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ. ನಷ್ಟಕ್ಕೆ ಅಂತ ಸಂಬಳ ಹಿಡೀಬೇಕಾದ್ರೆ ಆ ನಷ್ಟಕ್ಕೆ ಕೆಲಸಗಾರನ ನಿರ್ಲಕ್ಷ್ಯವೇ ನೇರ ಕಾರಣ ಆಗಿರ್ಬೇಕು, ಹಿಡಿಯೋ ಮುಂಚೆ ಅವನಿಗೆ ವಿವರಣೆ ಕೊಡೋ ಅವಕಾಶ ಸಿಗ್ಬೇಕು. ಸುಮ್ಮನೆ ಪೇ ಸ್ಲಿಪ್‌ನಲ್ಲಿ ಮೈನಸ್ ಹಾಕೋಕೆ ಆಗಲ್ಲ.

ಆ ಟೇಪಿನ ಮೂಲ ಕಾರಣ ಸೋಮಾರಿತನ ಅಲ್ಲ, ಸೆಟ್ಟಿಂಗ್. ಸುಮ್ಮಸುಮ್ಮನೆ ದಿನಾ ಕೂಗೋ ಅಲಾರಂ ಬಾಯನ್ನ ಮನುಷ್ಯ ಮುಚ್ಚೇ ಮುಚ್ತಾನೆ. ಮೆನುವಿನಲ್ಲಿ ನಾಲ್ಕು ವಿಷಯ ಸರಿಯಾಗಿ ತುಂಬಿದ್ರೆ ಟೇಪೇ ಬೇಕಾಗಲ್ಲ.

ಒಂದು, ಸೆಟ್ ಪಾಯಿಂಟ್. ಎಷ್ಟಕ್ಕೆ ಕೂಗಬೇಕು? "ಸ್ವಲ್ಪ ಮುಂಚೇನೇ ಕೂಗಲಿ" ಅಂತ ಮಾಮೂಲಿ ಏರಿಳಿತದ ಒಳಗೆ ಇಟ್ರೆ ಗಲಾಟೆ. ಕೆಟ್ಟ ಮೇಲೆ ಕೂಗೋ ಹಾಗೆ ಇಟ್ರೆ ಉಪಯೋಗ ಇಲ್ಲ. ಲೆಕ್ಕ ಹೀಗೆ ಹಾಕಿ: ಕೂಗಿದ ಮೇಲೆ ಮನುಷ್ಯ ಓಡಿ ಬಂದು, ಏನಾಗಿದೆ ಅಂತ ನೋಡಿ, ಸರಿ ಮಾಡೋಕೆ ಎಷ್ಟು ಸಮಯ ಬೇಕು? ಅಷ್ಟು ಸಮಯ ಸಿಗೋ ಜಾಗದಲ್ಲಿ ಸೆಟ್ ಪಾಯಿಂಟ್ ಇರ್ಬೇಕು.

ಎರಡು, ಹಿಸ್ಟೆರಿಸಿಸ್. ಹೆಸರು ಕೇಳಿ ಹೆದರಬೇಡಿ. ಎಷ್ಟಕ್ಕೆ ಕೂಗಬೇಕು ಅನ್ನೋದು ಒಂದು ಅಂಕಿ, ಎಷ್ಟಕ್ಕೆ ಸುಮ್ಮನಾಗಬೇಕು ಅನ್ನೋದು ಇನ್ನೊಂದು. ಅಲಾರಂ ಮೈನಸ್ 15, ಹಿಸ್ಟೆರಿಸಿಸ್ 2 ಅಂತ ಇಟ್ರೆ ಮೈನಸ್ 15ಕ್ಕೆ ಶುರುವಾಗಿ, ಮತ್ತೆ ಮೈನಸ್ 17ಕ್ಕೆ ತಣ್ಣಗಾದ ಮೇಲೆನೇ ನಿಲ್ಲುತ್ತೆ. ಮಧ್ಯೆ ಓಲಾಡಿದ್ರೆ ಟಕಟಕ ಅನ್ನಲ್ಲ. ರಿಲೇ ಕೂಡ ಜಾಸ್ತಿ ದಿನ ಬಾಳುತ್ತೆ.

ಮೂರು, ಡಿಲೇ. ಮಿತಿ ದಾಟಿ ಎಷ್ಟು ಹೊತ್ತು ಅಲ್ಲೇ ಇದ್ರೆ ಕೂಗಬೇಕು? ಡಿಫ್ರಾಸ್ಟ್ 25 ನಿಮಿಷ ನಡೆಯುತ್ತೆ ಅಂದ್ರೆ ಕೋಲ್ಡ್ ರೂಮ್ ಅಲಾರಂಗೆ 40 ನಿಮಿಷ ಡಿಲೇ ಕೊಡಬಹುದು, ಹೆಪ್ಪುಗಟ್ಟಿದ ಸಾಮಾನು ಅಷ್ಟರಲ್ಲಿ ಕರಗಲ್ಲ. ಕೆಲವು ಡಬ್ಬಿಗಳಲ್ಲಿ ಡಿಲೇ ಸೆಕೆಂಡ್ ಲೆಕ್ಕದಲ್ಲಿ ಮಾತ್ರ ಸಿಗುತ್ತೆ. ಸಾಲದಿದ್ರೆ ಹೊರಗೆ ಒಂದು ಟೈಮರ್ ಹಾಕ್ತಾರೆ. ಆದ್ರೆ ಪ್ರೆಷರ್ ಅಲಾರಂಗೆ 40 ನಿಮಿಷ ಡಿಲೇ ಕೊಟ್ರೆ ಅಷ್ಟರಲ್ಲಿ ಕಥೆ ಮುಗಿದಿರುತ್ತೆ. ಅಲ್ಲಿ ಲೆಕ್ಕ ಸೆಕೆಂಡುಗಳಲ್ಲಿ. ಅದಕ್ಕೇ ಎರಡನೇ ಅಲಾರಂ ಇರೋದು. ಎಎಲ್-1 ಮೈನಸ್ 15ಕ್ಕೆ, ನಿಧಾನವಾಗಿ, "ಸ್ವಲ್ಪ ನೋಡಪ್ಪ" ಅನ್ನೋದಕ್ಕೆ. ಎಎಲ್-2 ಮೈನಸ್ 10ಕ್ಕೆ, ಹೆಚ್ಚು ಕಾಯದೆ, "ಎದ್ದು ಬಾ" ಅನ್ನೋದಕ್ಕೆ.

ನಾಲ್ಕು, ಲ್ಯಾಚ್. ಮಧ್ಯರಾತ್ರಿ ಮಿತಿ ದಾಟಿ ಬೆಳಗಾಗೋದ್ರೊಳಗೆ ತಾನೇ ಸರಿಹೋಯ್ತು ಅನ್ಕೊಳ್ಳಿ. ಲ್ಯಾಚ್ ಇಲ್ಲದಿದ್ರೆ ದೀಪ ಆರಿಹೋಗಿರುತ್ತೆ, ಯಾರಿಗೂ ಗೊತ್ತಾಗಲ್ಲ. ಲ್ಯಾಚ್ ಇದ್ರೆ ಯಾರಾದ್ರೂ ಬಂದು ಬಟನ್ ಒತ್ತೋವರೆಗೂ ಅದು ಬಿಡಲ್ಲ. ಈ ಬಟನ್‌ಗೆ ಅಕ್ನಾಲೆಡ್ಜ್ ಅಂತಾರೆ. ಅದನ್ನ ಒತ್ತೋದು ಅಂದ್ರೆ "ನಾನು ನೋಡಿದೆ" ಅಂತ ಸಹಿ ಹಾಕಿದ ಹಾಗೆ. ಸದ್ದು ನಿಂತಿತು ಅಂದ್ರೆ ಸಮಸ್ಯೆ ಮುಗೀತು ಅಂತಲ್ಲ.

ಕರೆಂಟ್ ಹೋದ್ರೆ ಯಾರು ಕೂಗ್ತಾರೆ?

ಇದು ಬಹಳ ಜನ ಮರೆಯೋ ಪ್ರಶ್ನೆ. ಸಾಮಾನ್ಯವಾಗಿ ಅಲಾರಂ ಬಂದಾಗ ರಿಲೇಗೆ ಕರೆಂಟ್ ಹೋಗಿ ಬಜರ್ ಆನ್ ಆಗೋ ಹಾಗೆ ವೈರಿಂಗ್ ಇರುತ್ತೆ. ಡಬ್ಬಿಯ ಫ್ಯೂಸೇ ಹೋದ್ರೆ? ರಿಲೇ ಸುಮ್ಮನೆ, ಬಜರ್ ಸುಮ್ಮನೆ, ನೀವೂ ಸುಮ್ಮನೆ.

ಇದಕ್ಕೆ ಪರಿಹಾರ ಫೇಲ್-ಸೇಫ್. ಎಲ್ಲ ಸರಿ ಇದ್ದಾಗ ರಿಲೇ ಎಳೆದುಕೊಂಡೇ ಇರುತ್ತೆ, ಅಲಾರಂ ಬಂದಾಗ ಬಿಟ್ಟುಬಿಡುತ್ತೆ, ಬಿಟ್ಟಾಗ ಬಜರ್ ಕೂಗುತ್ತೆ. ಆಗ ಡಬ್ಬಿ ಸತ್ತರೂ ಕೂಗುತ್ತೆ, ರಿಲೇಗೆ ಹೋಗೋ ಕರೆಂಟ್ ನಿಂತರೂ ಕೂಗುತ್ತೆ. ಒಂದೇ ಷರತ್ತು: ಬಜರ್‌ಗೆ ಬೇರೆ ಕರೆಂಟ್ ಇರ್ಬೇಕು, ಬ್ಯಾಟರಿಯೋ ಯುಪಿಎಸ್ಸೋ. ಡಬ್ಬಿ ಮತ್ತು ಬಜರ್ ಎರಡೂ ಒಂದೇ ಪ್ಲಗ್ಗಿನಿಂದ ನಡೀತಿದ್ರೆ ಪವರ್ ಕಟ್ ಆದಾಗ ಎರಡೂ ಒಟ್ಟಿಗೆ ಮಲಗ್ತವೆ.

ಇದರ ಜೊತೆಗೇ ಸೆನ್ಸರ್ ಬ್ರೇಕ್ ಅನ್ನೋ ಸೆಟ್ಟಿಂಗ್. ಸೆನ್ಸರ್ ತಂತಿ ಕತ್ತರಿಸಿದ್ರೆ ಅಂಕಿ ಮೇಲಕ್ಕೆ ಹೋಗ್ಬೇಕಾ, ಕೆಳಗೆ ಹೋಗ್ಬೇಕಾ ಅಂತ ಕೇಳುತ್ತೆ. ಅಪಾಯ ಯಾವ ಕಡೆ ಇದೆಯೋ ಆ ಕಡೆ ಕಳಿಸಿ. ಕೋಲ್ಡ್ ರೂಮ್‌ಗೆ ಬಿಸಿ ಅಪಾಯ, ಆದ್ದರಿಂದ ಮೇಲಕ್ಕೆ. ಬಾಯ್ಲರ್‌ನಲ್ಲಿ ನೀರು ಕಮ್ಮಿ ಆಗೋದು ಅಪಾಯ, ಆದ್ದರಿಂದ ಕೆಳಕ್ಕೆ.

ಬಾಯ್ಲರ್ ಅಂದೆ ಅಂತ ಒಂದು ಎಚ್ಚರಿಕೆ. ಅಲಾರಂ ಮನುಷ್ಯನನ್ನ ಕರೆಯುತ್ತೆ. ಟ್ರಿಪ್ ಮನುಷ್ಯನಿಗೆ ಕಾಯದೆ ತಾನೇ ಮೆಷಿನ್ ನಿಲ್ಲಿಸುತ್ತೆ. ಜೀವದ ಪ್ರಶ್ನೆ ಇರೋ ಕಡೆ ಈ ಎರಡೂ ಒಂದೇ ಡಬ್ಬಿಯ, ಒಂದೇ ಸೆನ್ಸರಿನ ಮೇಲೆ ನಿಲ್ಲಬಾರದು. ಸೇಫ್ಟಿ ವಾಲ್ವಿನ ಕೆಲಸ ಸೇಫ್ಟಿ ವಾಲ್ವೇ ಮಾಡ್ಬೇಕು.

ಜಾಸ್ತಿ ಅಲಾರಂ, ಕಮ್ಮಿ ಸುರಕ್ಷತೆ

ಅಲಾರಂ ಎಷ್ಟು ಹೆಚ್ಚಿದ್ರೆ ಅಷ್ಟು ಒಳ್ಳೇದು ಅನ್ನಿಸಬಹುದು. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಗೋ ಮುಂಚಿನ ಕೊನೆಯ 11 ನಿಮಿಷದಲ್ಲಿ ಆಪರೇಟರ್‌ಗಳಿಗೆ ಬಂದಿದ್ದು 275 ಅಲಾರಂ. ಅಂದ್ರೆ ಎರಡೂವರೆ ಸೆಕೆಂಡಿಗೆ ಒಂದು. ಅದರಲ್ಲಿ ಮುಖ್ಯವಾದ ಅಲಾರಂ ಯಾವುದು ಅಂತ ಹುಡುಕೋದು ಜಾತ್ರೆಯಲ್ಲಿ ಮಗು ಅಳು ಕೇಳಿಸಿಕೊಂಡ ಹಾಗೆ. ಇಂಥ ಅನುಭವಗಳ ನಂತರ ಬಂದ ಇಇಎಂಯುಎ-191 ಅನ್ನೋ ಮಾರ್ಗಸೂಚಿ ಹೇಳೋದು, ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಂ ಬಂದ್ರೆ ನಿಭಾಯಿಸಬಹುದು ಅಂತ.

ಸಣ್ಣ ಯೂನಿಟ್‌ಗೆ ನಾನು ಹೇಳೋ ಪರೀಕ್ಷೆ ಇನ್ನೂ ಸುಲಭ. ಪ್ರತಿ ಅಲಾರಂ ಎದುರು ಒಂದು ವಾಕ್ಯ ಬರೀರಿ: "ಇದು ಕೂಗಿದ್ರೆ ನಾನು ಇದನ್ನ ಮಾಡ್ತೀನಿ." ವಾಕ್ಯ ಬರೆಯೋಕೆ ಆಗಲಿಲ್ಲ ಅಂದ್ರೆ ಅದು ಅಲಾರಂ ಅಲ್ಲ, ಬರೀ ಮಾಹಿತಿ. ಅದಕ್ಕೆ ದೀಪ ಸಾಕು, ಬಜರ್ ಬೇಡ.

ಸೆಟ್ ಮಾಡಿದ ಮೇಲೆ

ಎಲ್ಲ ತುಂಬಿ "ಆಯ್ತು" ಅನ್ನೋ ಮುಂಚೆ ಪರೀಕ್ಷೆ ಮಾಡಿ. ಪ್ರೊಡಕ್ಷನ್ ಇನ್‌ಚಾರ್ಜ್‌ಗೆ ಮೊದಲು ಹೇಳಿ, ಇಲ್ಲಾಂದ್ರೆ ಆ ರಿಲೇ ಪಂಪನ್ನೇ ನಿಲ್ಲಿಸಿಬಿಡಬಹುದು. ಮಿಲಿ ಆಂಪ್ ಕೊಡೋ ಕ್ಯಾಲಿಬ್ರೇಟರ್ ಇದ್ರೆ 4, 12, 20 ಕೊಟ್ಟು ಕೆಳಗೆ, ಮಧ್ಯ, ಮೇಲೆ ಮೂರೂ ಸರಿ ತೋರಿಸುತ್ತಾ ನೋಡಿ. ಪಿಟಿ-100 ಆದ್ರೆ ಥರ್ಮಾಸ್ ಫ್ಲಾಸ್ಕಿಗೆ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಸೆನ್ಸರ್ ಅದ್ದಿ ಕಾಯಿರಿ. 0 ಹತ್ತಿರ ಬರ್ಬೇಕು. ಆಮೇಲೆ ಅಲಾರಂ ಬರಿಸಿ ಬಜರ್ ಹತ್ರ ಅಲ್ಲ, ರಾತ್ರಿ ಮನುಷ್ಯ ಕೂರೋ ಕುರ್ಚಿ ಹತ್ರ ನಿಂತು ಕೇಳಿ. ಮೆಷಿನ್ ಓಡ್ತಾ ಇರುವಾಗ ಕೇಳಿಸ್ತಾ ಅನ್ನೋದು ಮುಖ್ಯ.

ಕೊನೆಗೆ ಲಾಕ್ ಕೋಡ್ ಹಾಕಿ. ಕಂಪನಿಯಿಂದ ಬಂದ ಕೋಡನ್ನೇ ಬಿಟ್ರೆ ಮ್ಯಾನುಯಲ್ ಓದಿದ ಯಾರಾದ್ರೂ ಬದಲಾಯಿಸಬಹುದು. ಇನ್‌ಪುಟ್ ಯಾವುದು, ಸ್ಕೇಲ್ ಎಷ್ಟು, ಎರಡೂ ಅಲಾರಂಗಳ ಸೆಟ್ ಪಾಯಿಂಟ್, ಹಿಸ್ಟೆರಿಸಿಸ್, ಡಿಲೇ ಎಷ್ಟು, ಯಾವ ತಾರೀಖು, ಯಾರು ಮಾಡಿದ್ದು, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಸೆನ್ಸರ್ ಬದಲಾಯಿಸಿದ ದಿನ ಆ ಹಾಳೆಯನ್ನೂ ತಾಳೆ ನೋಡಿ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು, ಇದು ಬಿಕಾಂ ಬುದ್ಧಿ. ಚಾರ್ಜ್ ತಗೊಳ್ಳೋ ದಿನ ಯಾವ ಬಜರ್ ವೈರ್ ಬಿಚ್ಚಿದೆ, ಯಾವುದಕ್ಕೆ ಟೇಪ್ ಇದೆ, ಯಾವ ಅಂಕಿ ಅನುಮಾನ ಅನ್ನೋದನ್ನ ಲಾಗ್ ಬುಕ್ಕಲ್ಲಿ ತಾರೀಖು ಹಾಕಿ ಬರೀರಿ, ಸೂಪರ್‌ವೈಸರ್‌ಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ. ಜಗಳ ಆಡೋದು ಬೇಡ. "ಸರ್, ಇದು ಹೀಗಿದೆ, ನಿಮ್ಮ ಗಮನಕ್ಕೆ" ಅಂದ್ರೆ ಸಾಕು. ಬಾಯಲ್ಲಿ ಹೇಳಿದ್ದು ಮರುದಿನ ಯಾರಿಗೂ ನೆನಪಿರಲ್ಲ, ಬರೆದಿದ್ದು ಇರುತ್ತೆ. ಯೂನಿಟ್ ನಡೆಸೋರು ಕೇಳ್ತಿದ್ರೆ ನಿಮಗೂ ಒಂದು ಮಾತು: ಟೇಪ್ ಕಂಡ ದಿನ "ಯಾರು ಅಂಟಿಸಿದ್ದು" ಅನ್ನೋ ಮುಂಚೆ "ಯಾಕೆ ಅಂಟಿಸಿದ್ರು" ಅಂತ ಕೇಳಿ. ಉತ್ತರ ಆ ಡಬ್ಬಿಯ ಮೆನುವಿನಲ್ಲೇ ಸಿಗಬಹುದು.

ನಿಮ್ಮ ಕೆಲಸದ ಜಾಗದಲ್ಲಿ ಯಾವ ಅಲಾರಂ ಸುಮ್ಮಸುಮ್ಮನೆ ಕೂಗುತ್ತೆ, ಯಾವುದು ಕೂಗಬೇಕಾದಾಗ ಕೂಗಲ್ಲ, ವಾಯ್ಸ್ ನೋಟ್ ಕಳಿಸಿ. ಕಂಪನಿ ಹೆಸರು ಬೇಡ, ವಿಷಯ ಸಾಕು. ಮುಂದಿನ ವಾರ ಗ್ರಾಚುಯಿಟಿ ಬಗ್ಗೆ ಮಾತಾಡೋಣ. ಈಗ ಶಿಫ್ಟಿಗೆ ಹೊರಟಿರೋರು ಹುಷಾರಾಗಿ ಹೋಗಿ ಬನ್ನಿ. ನಮಸ್ಕಾರ.